ಗೊರವಂಕ ಯಾವ ಕಡೆಗೆ ನಡೆಯಬೇಕು

ಡಿಸೈನ್ ಎಲ್ಲಿಂದ ತರ್ತೀರಿ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ. ಬಸ್ ಸ್ಟ್ಯಾಂಡಿನಿಂದ. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಅದು ತಮಾಷೆಗೆ ಹೇಳಿದ್ದಲ್ಲ. ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಚಿತ್ರ ಬರೆಯುವ ಕೆಲಸ ಮಾಡಿ ಮುಗಿಸಿ ಈಗ ಮನೆಯಲ್ಲಿ ಕೂತಿದ್ದೇನೆ. ಲೆಕ್ಕ ಹಾಕಿ ನೋಡಿದರೆ ಕೆಲಸದ ಹೊತ್ತಿನಲ್ಲಿ ಕಲಿತದ್ದಕ್ಕಿಂತ ಕೆಲಸ ತಪ್ಪಿಸಿಕೊಂಡು ಅಲೆದ ಹೊತ್ತಿನಲ್ಲಿ ಕಲಿತದ್ದೇ ಹೆಚ್ಚು. ಈ ಕಸುಬಿಗೆ ಹೊಸದಾಗಿ ಬರುವ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ. ಯಜಮಾನರು ಹೇಳಿದರೆ ಅವರಿಗೇ ನಷ್ಟ. ಕಂಪ್ಯೂಟರ್ ಕಲಿಸುವವರಿಗೆ ಇದು ಗೊತ್ತೇ ಇಲ್ಲ. ಅದಕ್ಕೇ ನಾನು ಬರೆಯಲು ಕೂತೆ. ಮುಖ್ಯವಾಗಿ ಶ್ರುತಿ ಎಂಬ ಹುಡುಗಿ ಈ ಕೆಲಸದಲ್ಲಿ ನಿಲ್ಲುತ್ತಾಳೋ ಬಿಟ್ಟು ಹೋಗುತ್ತಾಳೋ ಎಂದು ನಾನು ಒಂದು ಬೇಸಿಗೆ, ಒಂದು ಮಳೆಗಾಲ ಚಡಪಡಿಸಿದ್ದನ್ನು ಹೇಳಬೇಕು. ಅದಕ್ಕೆ ಮೊದಲು ನಮ್ಮ ಕೆಲಸ ಏನೆಂದು ಹೇಳದಿದ್ದರೆ ಅರ್ಥವಾಗುವುದಿಲ್ಲ.

ಸೀರೆಯ ಅಂಚಿನಲ್ಲಿ ಒಂದು ಹಂಸ ಕಂಡರೆ ಅದನ್ನು ನೇಯ್ದವರು ಮಗ್ಗದವರು ಎಂದು ಎಲ್ಲರಿಗೂ ಗೊತ್ತು. ಆ ಹಂಸ ಮಗ್ಗಕ್ಕೆ ಹೋಗುವ ಮೊದಲು ಯಾರೋ ಒಬ್ಬ ಅದನ್ನು ಕಾಗದದ ಮೇಲೆ ಬರೆದಿರುತ್ತಾನೆ. ಆ ಯಾರೋ ಒಬ್ಬ ನಾನು. ಸಣ್ಣ ಸಣ್ಣ ಚೌಕಗಳಿರುವ ಗ್ರಾಫ್ ಹಾಳೆಯ ಮೇಲೆ ಒಂದೊಂದು ಚೌಕಕ್ಕೂ ಕುಂಚದಿಂದ ಬಣ್ಣ ತುಂಬಬೇಕು. ಬಣ್ಣ ತುಂಬಿದಲ್ಲಿ ಜರಿ ಮೇಲೆ ಬರುತ್ತದೆ, ಖಾಲಿ ಬಿಟ್ಟಲ್ಲಿ ರೇಷ್ಮೆ. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು, ಕಾರ್ಡುಗಳನ್ನು ಒಂದಕ್ಕೊಂದು ಹೆಣೆದು ಮಗ್ಗದ ಮೇಲೆ ಇಳಿಬಿಡುತ್ತಿದ್ದರು. ತೂತು ಹೇಳಿದಂತೆ ಎಳೆ ಏಳುತ್ತಿತ್ತು. ಇದನ್ನು ಕಲೆ ಅಂತಲೂ ಅನ್ನಬಹುದು, ಕಣ್ಣು ಕಳೆದುಕೊಳ್ಳುವ ದಾರಿ ಅಂತಲೂ ಅನ್ನಬಹುದು. ನನ್ನ ಹೆಂಡತಿ ಸರೋಜ ಎರಡನೆಯದನ್ನೇ ಅನ್ನುತ್ತಾಳೆ.

ನನಗೆ ಕೆಲಸ ಕಲಿಸಿದವರನ್ನು ಊರಲ್ಲೆಲ್ಲ ಡ್ರಾಯಿಂಗ್ ಮೇಷ್ಟ್ರು ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಾಯಲ್ಲಿ ಸದಾ ಅಡಿಕೆ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ನಾನು ಬೆಳಗಿನಿಂದ ತಲೆ ಎತ್ತದೆ ಬಣ್ಣ ತುಂಬಿದರೆ ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ನೀನು ಚೌಕ ಬರೀತಿದೀಯ ಕಣೋ, ಹಕ್ಕಿ ಎಲ್ಲೋ? ಎದ್ದು ಹೊರಗೆ ಹೋಗು" ಅನ್ನುತ್ತಿದ್ದರು. ಎಲ್ಲಿಗೆ ಹೋಗಬೇಕು, ಏನು ನೋಡಬೇಕು ಎಂದು ಹೇಳುತ್ತಿರಲಿಲ್ಲ. ಮೊದಮೊದಲು ಬೈಗುಳ ಅಂದುಕೊಂಡು ಮುಖ ಊದಿಸಿಕೊಂಡು ಹೋಗುತ್ತಿದ್ದೆ. ಆಮೇಲೆ ಅದೇ ಪಾಠ ಎಂದು ತಿಳಿಯಿತು.

ಹಾಗೆ ಶುರುವಾದ ನನ್ನ ಅಲೆದಾಟಕ್ಕೆ ಒಂದು ಕ್ರಮ ಅಂತ ಇರಲಿಲ್ಲ. ಚಹಾ ಅಂಗಡಿಯ ಮುಂದೆ ಕೂತರೆ ಹಾಲಿನ ಕೆನೆ ಸುಕ್ಕಾಗುವುದನ್ನು ನೋಡುವುದು. ಆ ಸುಕ್ಕನ್ನು ಒಂದು ಸಲ ಸೆರಗಿನ ಅಲೆಯಾಗಿ ಬರೆದೆ, ಗಿರಾಕಿಗಳು ಅದನ್ನು ಸಮುದ್ರ ಅಂದರು, ನಾನೂ ಹೂಂ ಅಂದೆ. ದೇವನಹಳ್ಳಿ ರಸ್ತೆಯಲ್ಲಿ ಒಬ್ಬ ಗೆಳೆಯನ ದ್ರಾಕ್ಷಿ ತೋಟವಿತ್ತು. ಮಧ್ಯಾಹ್ನ ಚಪ್ಪರದ ಕೆಳಗೆ ಮಲಗಿ ಎಲೆಯ ನೆರಳು ನನ್ನ ಅಂಗಿಯ ಮೇಲೆ ಸರಿಯುವುದನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಕೆರೆ ಏರಿ, ಲಾರಿಗಳ ಹಿಂಬದಿಯ ಬಣ್ಣ, ಎಲೆಕ್ಟ್ರಿಷಿಯನ್ ಅಂಗಡಿಯ ಕೇರಂ ಬೋರ್ಡು, ಯಾವುದನ್ನೂ ಬಿಟ್ಟವನಲ್ಲ. ಕೇರಂನಿಂದ ಮಾತ್ರ ಇವತ್ತಿನವರೆಗೆ ಒಂದು ಡಿಸೈನೂ ಹುಟ್ಟಲಿಲ್ಲ. ಆಡಲು ಒಳ್ಳೆಯ ಆಟ ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಪಾಠಶಾಲೆ ಬಸ್ ಸ್ಟ್ಯಾಂಡು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅನ್ನುತ್ತಿದ್ದರು ಹಿಂದೆ. ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಬಸ್ಸಿಗೆ ಮಾತ್ರ ಎಲ್ಲರೂ ಬರಲೇಬೇಕು. ಸೀರೆ ಅಂಗಡಿಯಲ್ಲಿ ಮಡಿಸಿಕೊಂಡಿರುತ್ತದೆ, ಮಗ್ಗದಲ್ಲಿ ಚಾಚಿಕೊಂಡಿರುತ್ತದೆ. ಅದು ಸೀರೆಯಾಗುವುದು ಯಾರಾದರೂ ಉಟ್ಟು ನಡೆದಾಗಲೇ. ಅದನ್ನು ನೋಡಲು ನಾನು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ.

ಇದರಿಂದ ಒಂದು ಸಲ ಒದೆ ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಗಂಡಹೆಂಡತಿ ಬಸ್ಸಿಗೆ ಕಾಯುತ್ತಿದ್ದರು. ಆಕೆ ಉಟ್ಟಿದ್ದು ನಾನು ಬರೆದ ಅಂಚು. ನೆರಿಗೆಯಲ್ಲಿ ಹೂವು ಹೇಗೆ ಮುರಿಯುತ್ತದೆ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಗಂಡ ಬಂದು ನನ್ನ ಅಂಗಿಯ ಕಾಲರು ಹಿಡಿದ. ಸೀರೆ ನೋಡ್ತಿದ್ದೆ ಸ್ವಾಮಿ ಎಂದರೆ ಯಾರು ನಂಬುತ್ತಾರೆ? ನಾನು ಹೆದರಿಕೆಯಲ್ಲಿ ಆ ಅಂಚಿನ ಜಾತಕವನ್ನೇ ಒದರಿದೆ. ಯಾವ ಬೀದಿಯ ಮಗ್ಗ, ಹೂವಿನ ಮಧ್ಯೆ ಎಲೆ ಯಾಕೆ ಚಿಕ್ಕದಾಯಿತು, ಒಳಗಡೆ ಜರಿ ಎಲ್ಲಿ ಕತ್ತರಿಸಿರಬೇಕು ಎಂದೆಲ್ಲ. ಆಕೆ ಅಂಚನ್ನು ತಿರುಗಿಸಿ ನೋಡಿ, ಹೌದು ಕಣ್ರೀ, ಕತ್ತರಿಸಿದೆ ಅಂದರು. ಆತ ಕಾಲರು ಬಿಟ್ಟ. ಬಿಟ್ಟವನು, ಇದೇ ಅಂಚು ಹಸಿರಲ್ಲಿ ಸಿಗುತ್ತಾ ಎಂದು ಕೇಳಿದ.

ಮರುದಿನದಿಂದ ಸರೋಜಳನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದೆ. ಮಾನ ಉಳಿಸಿಕೊಳ್ಳಲು ಮಾಡಿದ ಉಪಾಯ ಅದು, ಆದರೆ ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು ಎಂದು ಆಮೇಲೆ ಗೊತ್ತಾಯಿತು. ನಾನು ಹೂವು ನೋಡುತ್ತಿದ್ದರೆ ಅವಳು ಕೈ ನೋಡುತ್ತಿದ್ದಳು. ಇಷ್ಟವಾದ ಸೀರೆ ಉಟ್ಟವಳು ಆಗಾಗ ಸೆರಗು ಮುಂದಕ್ಕೆ ತಂದು ಸವರಿಕೊಳ್ಳುತ್ತಾಳಂತೆ. ಗಂಡ ತಂದುಕೊಟ್ಟ, ತನಗೆ ಹಿಡಿಸದ ಸೀರೆ ಉಟ್ಟವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮರೆತುಬಿಡುತ್ತಾಳಂತೆ. ನಾನು ನೋಡಿದೆ. ಸುಳ್ಳಲ್ಲ.

ನಮ್ಮ ಯಜಮಾನರು ಗೋವಿಂದಪ್ಪನವರು. ಅವರ ಮಗ್ಗದ ಮನೆಯ ಪಕ್ಕದ ಕೋಣೆಯಲ್ಲೇ ನನ್ನ ಪೂರಾ ಕೆಲಸ ನಡೆದದ್ದು. ಒಳ್ಳೆಯ ಮನುಷ್ಯ, ಆದರೆ ಕುರ್ಚಿ ಖಾಲಿ ಕಂಡರೆ ಮೈ ಉರಿದು ಹೋಗುತ್ತಿತ್ತು. ನಾನು ದ್ರಾಕ್ಷಿ ಚಪ್ಪರದಿಂದ ಎದ್ದು ಬಂದು ಸೆರಗಿನ ತುಂಬ ಗೊಂಚಲು ಬರೆದಾಗ ಬಹಳ ಖುಷಿಪಟ್ಟಿದ್ದರು. ನೇಯ್ದು ಬಂದ ಸೀರೆಯನ್ನು ಸೊಸೆಗೆ ಉಡಿಸಿ ನೋಡಿದರೆ ಬೆನ್ನ ಮೇಲೆ ಗೊಂಚಲುಗಳೆಲ್ಲ ಮೇಲಕ್ಕೆ ಮುಖ ಮಾಡಿ ನಿಂತಿದ್ದವು. ಸೀರೆಯ ಅಂಚು ಪಾದದ ಹತ್ತಿರ ಅಡ್ಡಕ್ಕೆ ಸುತ್ತುತ್ತದೆ, ಅದೇ ಬಟ್ಟೆ ಹೆಗಲು ದಾಟಿದ ಮೇಲೆ ಬೆನ್ನಲ್ಲಿ ಉದ್ದಕ್ಕೆ ಇಳಿಬೀಳುತ್ತದೆ, ಸೆರಗಿನ ತುದಿ ಕೆಳಕ್ಕೆ ಬರುತ್ತದೆ. ಒಂದೇ ಬಟ್ಟೆಗೆ ಎರಡು ದಿಕ್ಕು. ನಾನು ಮಗ್ಗದ ಮೇಲೆ ಕಾಣುವಂತೆ ಬರೆದು ಉಟ್ಟಾಗ ಕಾಣುವುದನ್ನು ಮರೆತಿದ್ದೆ. ದ್ರಾಕ್ಷಿ ಆಕಾಶಕ್ಕೆ ಬಿಡುತ್ತೇನಯ್ಯಾ ಎಂದು ಗೋವಿಂದಪ್ಪನವರು ವರ್ಷಗಟ್ಟಲೆ ಬಂದುಹೋದವರ ಮುಂದೆಲ್ಲ ಹೇಳಿಕೊಂಡು ನಕ್ಕರು. ಈ ಕೆಲಸಕ್ಕೆ ಬರುವವರು ನೆನಪಿಡಬೇಕಾದದ್ದು ಇಷ್ಟೇ. ಬರೆದದ್ದನ್ನು ಗೋಡೆಗೆ ಅಂಟಿಸಿ ನೋಡಬೇಡಿ, ಯಾರಿಗಾದರೂ ಸುತ್ತಿ ನೋಡಿ.

ಆಮೇಲೆ ಕಂಪ್ಯೂಟರ್ ಬಂತು. ರಟ್ಟಿನ ಕಾರ್ಡು ಹೋಯಿತು, ತೂತು ಹೊಡೆಯುವವರು ಬೇರೆ ಕೆಲಸ ಹುಡುಕಿಕೊಂಡರು. ನಾನು ಅತ್ತೂ ಕರೆದೂ ಮೌಸ್ ಹಿಡಿಯುವುದನ್ನು ಕಲಿತೆ. ಕಂಪ್ಯೂಟರನ್ನು ಬೈಯುವ ಮುದುಕರ ಗುಂಪಿಗೆ ನನ್ನನ್ನು ಸೇರಿಸಬೇಡಿ. ತಿಂಗಳು ಹಿಡಿಯುತ್ತಿದ್ದ ಕೆಲಸ ಈಗ ಎರಡು ದಿನದ್ದು, ಕಣ್ಣೂ ಉಳಿಯಿತು. ತೊಂದರೆ ಬಂದದ್ದು ಫೋನಿನಿಂದ. ಮೊದಲು ಒಂದು ಅಂಚು ಚೆನ್ನಾಗಿ ಹೋದರೆ ಪಕ್ಕದ ಬೀದಿಯವರು ಅದನ್ನು ಕದಿಯಲು ಸೀರೆ ಕೊಂಡುಕೊಂಡು, ಎಳೆ ಎಣಿಸಿ, ಹಾಳೆಗೆ ಇಳಿಸಬೇಕಿತ್ತು. ಅಷ್ಟರಲ್ಲಿ ನಮ್ಮ ಸೀಸನ್ ಮುಗಿದಿರುತ್ತಿತ್ತು. ಈಗ ಅಂಗಡಿಯ ಬಾಗಿಲಲ್ಲಿ ನಿಂತು ಒಂದು ಫೋಟೋ ಹೊಡೆದರೆ ಮುಗಿಯಿತು. ಹಾಗೆಂದು ನಮ್ಮವರೂ ಸತ್ಯಹರಿಶ್ಚಂದ್ರರಲ್ಲ. ಬೀದಿ ಬೀದಿಯೇ ಒಬ್ಬರದನ್ನೊಬ್ಬರು ನೋಡಿಕೊಂಡು ಒಂದೇ ನವಿಲನ್ನು ನೇಯುತ್ತಿತ್ತು.

ಇಂಥ ಹೊತ್ತಿನಲ್ಲಿ, ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ, ನನ್ನ ಜಾಗಕ್ಕೆಂದು ಶ್ರುತಿ ಬಂದಳು. ಹೊಸಕೋಟೆ ತಾಲ್ಲೂಕು ಜಡಿಗೇನಹಳ್ಳಿ ಕಡೆಯವಳು. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಅವಳ ಅಕ್ಕ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದು, ತಂಗಿಗೂ ಅಲ್ಲೇ ಒಂದು ಜಾಗ ಹೇಳಿಟ್ಟಿದ್ದಳು. ಅದೂ ಮರ್ಯಾದೆಯ ಕೆಲಸವೇ. ಆದರೆ ಶ್ರುತಿಗೆ ಚಿತ್ರ ಬರೆಯಬೇಕು ಎಂದು ಆಸೆ. ಇಲ್ಲಿ ಆಗದಿದ್ದರೆ ಅಲ್ಲಿಗೆ ಎಂದು ಮನೆಯಲ್ಲಿ ಮಾತಾಗಿತ್ತು.

ಕಂಪ್ಯೂಟರಿನಲ್ಲಿ ಅವಳ ಕೈ ನೀರು ಕುಡಿದಷ್ಟು ಸಲೀಸು. ಆದರೆ ಏನು ಬರೆ ಎಂದರೂ ಮೊದಲು ಫೋನು ತೆಗೆಯುತ್ತಿದ್ದಳು. ಅವಳು ತೋರಿಸಿದ ಅಂಚುಗಳನ್ನೆಲ್ಲ ಗೋವಿಂದಪ್ಪನವರು ಯಾವ ಅಂಗಡಿಯದು, ಯಾವ ಊರಿನದು ಎಂದು ಹೆಸರು ಹಿಡಿದು ಹೇಳಿಬಿಡುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ದಿನ ಅವರಿಗೆ ತಾಳ್ಮೆ ತಪ್ಪಿತು.

"ನೋಡಮ್ಮಾ, ಫೋನಲ್ಲಿ ನೋಡಿ ಇಳಿಸೋದು ನನ್ನ ಮೊಮ್ಮಗಾನೂ ಮಾಡ್ತಾನೆ. ಶ್ರಾವಣದ ಸೀಸನ್ನಿಗೆ ಬೀದೀಲಿ ಯಾರ ಹತ್ರಾನೂ ಇಲ್ದಿರೋ ಒಂದು ಅಂಚು ಬೇಕು. ಕೊಟ್ರೆ ಈ ಕುರ್ಚಿ ನಿಂದು. ಇಲ್ಲಾಂದ್ರೆ ನಿನ್ನ ದಾರಿ ನೀನು ನೋಡ್ಕೋ."

ಅವಳು ಅಳಲಿಲ್ಲ. ಕಂಪ್ಯೂಟರ್ ಕಡೆ ತಿರುಗಿ ಖಾಲಿ ಪರದೆಯನ್ನು ನೋಡುತ್ತಾ ಕೂತಳು. ಆ ಕೂತ ಭಂಗಿ ನೋಡಿ ನನಗೆ ಸಂಕಟವಾಯಿತು. ನನಗೆ ಗೊತ್ತಿದ್ದ ಮದ್ದು ಒಂದೇ. ಎದ್ದು ಹೊರಗೆ ಹೋಗೋಣ ನಡಿ ಎಂದೆ.

ನನ್ನ ಅಲೆದಾಟದ ಜಾಗಗಳಿಗೆಲ್ಲ ಅವಳನ್ನು ಕರೆದುಕೊಂಡು ಹೋದೆ, ಸರೋಜಳೂ ಬರುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿದೆ. ಶ್ರುತಿ ಬಿಸಿಲು ಅಂದಳು. ದ್ರಾಕ್ಷಿ ಚಪ್ಪರದ ಕೆಳಗೆ ಮಲಗಿ ನೆರಳು ನೋಡು ಎಂದೆ. ಇರುವೆ ಅಂದಳು. ಚಹಾ ಅಂಗಡಿಯಲ್ಲಿ ಕೆನೆ ತೋರಿಸಿ ನಾನು ಹಿಂದೆ ಬರೆದ ಅಲೆಯ ಕಥೆ ಹೇಳಿದೆ. ಅವಳು ಕೆನೆಯನ್ನು ಬೆರಳಲ್ಲಿ ತೆಗೆದು ಪಕ್ಕಕ್ಕಿಟ್ಟು ಚಹಾ ಕುಡಿದಳು. ಗೋವಿಂದಪ್ಪನವರು ಎರಡು ಕುರ್ಚಿ ಖಾಲಿ ಕಂಡು, ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ ಎಂದು ನನಗೆ ಕೇಳುವ ಹಾಗೆಯೇ ಗೊಣಗಿದರು. ನನಗೂ ಅನುಮಾನ ಶುರುವಾಯಿತು. ಮೇಷ್ಟ್ರು ನನಗೆ ಹೊರಗೆ ಹೋಗು ಅಂದಿದ್ದರೇ ಹೊರತು ನನ್ನ ಜೊತೆ ಬಾ ಎಂದಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅದು ಹೊಳೆದದ್ದು ಒಂದು ಭಾನುವಾರ. ಶ್ರುತಿಯ ಸೋದರತ್ತೆ ಬೇಸಿಗೆಯಲ್ಲಿ ಸಂಡಿಗೆ ಮಾಡಿ ಮಾರುತ್ತಿದ್ದರು. ಸರೋಜಳಿಗೆ ಸಂಡಿಗೆ ಬೇಕಿತ್ತು. ಹೋದಾಗ ಶ್ರುತಿ ತಾರಸಿಯ ಮೇಲೆ ಇದ್ದಾಳೆ ಎಂದರು. ಹತ್ತಿ ನೋಡಿದರೆ ಹಳೇ ಪಂಚೆಗಳ ಮೇಲೆ ಸಾಲುಸಾಲು ಸಂಡಿಗೆ, ಒಂದು ಮೂಲೆಯ ನೆರಳಲ್ಲಿ ಕೋಲು ಹಿಡಿದು ಕೂತ ಶ್ರುತಿ, ಅವಳ ಕಾಲಿನ ಹತ್ತಿರವೇ ಆರಾಮವಾಗಿ ಸಂಡಿಗೆ ತಿನ್ನುತ್ತಿದ್ದ ಒಂದು ಗೊರವಂಕ, ಪೇಟೆಯವರು ಮೈನಾ ಅನ್ನುವ ಹಕ್ಕಿ.

ಹಕ್ಕಿ ಓಡಿಸ್ತಿದೀಯೇನೇ ಎಂದು ಅತ್ತೆ ಕೆಳಗಿನಿಂದ ಕೂಗಿದರು. ಓಡಿಸ್ದೆ ಅತ್ತೆ ಎಂದು ಇವಳು ಕೂತಲ್ಲೇ ಸುಳ್ಳು ಹೇಳಿದಳು. ಆಮೇಲೆ ನನ್ನನ್ನು ಕಂಡು ನಾಚಿಕೊಂಡು ತುಟಿಯ ಮೇಲೆ ಬೆರಳಿಟ್ಟಳು.

"ಸುಮ್ನಿರಿ ಸಾರ್, ನೋಡಿ. ಗುಬ್ಬಿ ಆದ್ರೆ ಕುಪ್ಪಳಿಸುತ್ತೆ. ಇದು ಹಂಗಲ್ಲ, ನಡೆಯುತ್ತೆ. ಎರಡು ಹೆಜ್ಜೆ ಇಡುತ್ತೆ, ನಿಂತ್ಕೊಂಡು ಯಾರು ಕೆಲಸ ಮಾಡ್ತಿಲ್ಲ ಅಂತ ನೋಡುತ್ತೆ, ಇನ್ನೆರಡು ಹೆಜ್ಜೆ ಇಡುತ್ತೆ. ಥೇಟ್ ನಮ್ಮ ಯಜಮಾನ್ರು ಮಗ್ಗದ ಮನೆಗೆ ಬಂದಂಗೆ."

ನಾನು ನೋಡಿದೆ. ಎದೆ ಮುಂದೆ ಮಾಡಿಕೊಂಡು, ಕೈ ಹಿಂದೆ ಕಟ್ಟಿಕೊಂಡವರ ಹಾಗೆ ರೆಕ್ಕೆ ಅಂಟಿಸಿಕೊಂಡು ಗೋವಿಂದಪ್ಪನವರೇ ತಾರಸಿಯ ಮೇಲೆ ನಡೆಯುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಕ್ಕಿ ಹಾರಿಹೋಯಿತು.

ಇದನ್ಯಾಕೆ ಬರೀಲಿಲ್ಲ ಎಂದು ಕೇಳಿದೆ. ಅವಳು ನನಗೇ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ನವಿಲು, ಹಂಸ, ಗಿಣಿ ಅಲ್ವಾ ಸಾರ್ ಸೀರೆಗೆ ಹಾಕೋದು, ಗೊರವಂಕ ಯಾರಾದ್ರೂ ಉಡ್ತಾರಾ ಅಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಆದರೆ ಜರಿಯವನ ಕಣ್ಣಲ್ಲಿ ಆ ಹಕ್ಕಿಯನ್ನು ಒಮ್ಮೆ ನೋಡಿ. ಮೈ ಕಾಫಿಪುಡಿ ಬಣ್ಣ, ಕೊಕ್ಕು ಹಳದಿ, ಕಾಲು ಹಳದಿ, ಕಣ್ಣಿನ ಸುತ್ತ ಹಳದಿ ಪಟ್ಟಿ. ಕಂದು ರೇಷ್ಮೆಯಲ್ಲಿ ಮೈ ಬಿಟ್ಟು ಅಷ್ಟಕ್ಕೆ ಮಾತ್ರ ಜರಿ ಕೊಟ್ಟರೆ ಸಾಕು. ದೇವರು ಅದನ್ನು ನಮ್ಮ ಬೀದಿಗೆಂದೇ ಮಾಡಿದಂತಿತ್ತು. ಅವಳು ಬೇಸಿಗೆಯಿಡೀ ಅದನ್ನು ನೋಡಿದ್ದಳು, ಕೈಯಲ್ಲಿ ಕೋಲಿದ್ದರಿಂದ ನೋಡುವುದು ಕೆಲಸ ತಪ್ಪಿಸಿದಂತೆ ಅಂದುಕೊಂಡಿದ್ದಳು ಅಷ್ಟೆ.

ಅವತ್ತಿನಿಂದ ಶ್ರುತಿ ಡಿಸೈನಿಗೆಂದು ಫೋನು ಮುಟ್ಟಲಿಲ್ಲ. ಅಂಚಿನುದ್ದಕ್ಕೂ ಗೊರವಂಕಗಳು ಸಾಲಾಗಿ ನಡೆಯಬೇಕು, ನಡುವೆ ಅಲ್ಲಲ್ಲಿ ಒಂದು ನಿಂತು ಕತ್ತು ತಿರುಗಿಸಬೇಕು. ಬರೆಯುವುದೇನೋ ಬೇಗ ಆಯಿತು. ಆಮೇಲೆ ನಮ್ಮ ಕಸುಬಿನವರಿಗೆ ಮಾತ್ರ ಬರುವ ಒಂದು ಕಷ್ಟ ಎದುರಾಯಿತು. ಹಕ್ಕಿಗಳು ಯಾವ ಕಡೆಗೆ ನಡೆಯಬೇಕು?

ಪಾದದ ಹತ್ತಿರ ಅವು ಯಾವ ಕಡೆ ನಡೆದರೂ ಒಂದೇ, ಬಲಕ್ಕೋ ಎಡಕ್ಕೋ ಹೋಗುತ್ತವೆ. ಬೆನ್ನ ಮೇಲೆ ಸೆರಗು ಇಳಿಬಿದ್ದಾಗ ಮಾತ್ರ ಅದೇ ಅಂಚು ನೆಟ್ಟಗಾಗುತ್ತದೆ. ಹಕ್ಕಿಗಳು ಸೆರಗಿನ ತುದಿಯ ಕಡೆಗೆ ಮುಖ ಮಾಡಿದ್ದರೆ ಬೆನ್ನ ಮೇಲೆ ತಲೆಕೆಳಗಾಗಿ ಇಳಿಯುತ್ತವೆ. ಆ ಕಡೆಗೆ ಬೆನ್ನು ಮಾಡಿದ್ದರೆ ಹೆಗಲಿನತ್ತ ಹತ್ತುತ್ತವೆ. ಶ್ರುತಿ ಹಕ್ಕಿಗಳನ್ನು ಕಾಗದದಲ್ಲಿ ಕತ್ತರಿಸಿ ಸರೋಜಳ ಸೀರೆಗೆ ಪಿನ್ನು ಹಾಕಿ, ನಮ್ಮ ಮನೆಯ ನಡುಮನೆಯಲ್ಲಿ ಅವಳನ್ನು ಅತ್ತಿಂದಿತ್ತ ನಡೆಸಿದಳು. ಸರೋಜ ಮದುಮಗಳ ಹಾಗೆ ಬೀಗಿಕೊಂಡು ನಡೆದಳು. ಒಂದು ಸಲ ಇಳಿಸಿ ನೋಡಿದೆವು, ಒಂದು ಸಲ ಹತ್ತಿಸಿ ನೋಡಿದೆವು. ತಲೆಕೆಳಗಾದ ಹಕ್ಕಿ ನನಗೆ ಆಕಾಶಕ್ಕೆ ಬಿಟ್ಟ ದ್ರಾಕ್ಷಿಯಂತೆಯೇ ಕಂಡಿತು. ಹತ್ತಲಿ ಎಂದೆ. ಶ್ರುತಿಗೂ ಹತ್ತುವುದೇ ಸರಿ ಅನ್ನಿಸಿತು.

ಗೋವಿಂದಪ್ಪನವರು ಮೊದಲ ಸೀರೆ ಮಗ್ಗದಿಂದ ಇಳಿದ ದಿನ ಅಂಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಈ ಹಕ್ಕೀನ ಎಲ್ಲೋ ನೋಡಿದೀನಲ್ಲಯ್ಯಾ ಅಂದರು. ನಾವಿಬ್ಬರೂ ನೆಲ ನೋಡಿದೆವು. ಕೊನೆಗೆ, ಯಾರ ಹತ್ರಾನೂ ಇಲ್ಲ, ಅದಂತೂ ನಿಜ ಎಂದು ಮೂರು ಮಗ್ಗಕ್ಕೆ ಹಾಕಿಸಿದರು. ಅಂಗಡಿಯವರು ಅದಕ್ಕೆ ಮೈನಾ ಬಾರ್ಡರ್ ಎಂದು ಹೆಸರಿಟ್ಟರು. ಕಂದು, ಎಲೆಹಸಿರು, ಬೂದಿಬಣ್ಣದಲ್ಲಿ ಬಂದ ಸೀರೆಗಳು ನಿಂತ ಕಾಲಲ್ಲೇ ಹೋದವು. ಶ್ರುತಿ ಕುರ್ಚಿಗೆ ಹೊಸ ದಿಂಬು ತಂದು ಹಾಕಿಕೊಂಡಳು. ನಾನು ಇನ್ನು ನೆಮ್ಮದಿಯಾಗಿ ಮನೆ ಸೇರಬಹುದು ಅಂದುಕೊಂಡು ಕೆಲಸ ಬಿಟ್ಟೆ.

ಶ್ರಾವಣ ಹುಟ್ಟುವಷ್ಟರಲ್ಲಿ ಮೈನಾ ಬಾರ್ಡರ್ ಬೀದಿ ತುಂಬ ಬಂತು. ಯಾರೋ ಫೋಟೋ ಹೊಡೆದಿದ್ದರು, ಇನ್ಯಾರೋ ಇಳಿಸಿದ್ದರು, ನಮ್ಮದಕ್ಕಿಂತ ಅಗ್ಗದ ನೂಲಿನಲ್ಲಿ ನೇಯ್ದಿದ್ದರು. ಹಬ್ಬಕ್ಕೆಂದು ನಾವು ನೇಯಿಸಿಟ್ಟ ಸೀರೆಗಳು ಕಪಾಟಿನಲ್ಲಿ ಉಳಿದವು. ನಮ್ಮ ಊರಿನ ರೂಢಿಯಲ್ಲಿ ಇದು ಗೌರವ. ನಿನ್ನ ಡಿಸೈನ್ ಕದ್ದರು ಅಂದರೆ ನೀನು ಡಿಸೈನರ್ ಆದೆ ಎಂದು ಅರ್ಥ. ಗೋವಿಂದಪ್ಪನವರೂ ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಸುಸ್ತಾಗಿ, ಇನ್ನೊಂದು ಬರಿಯಮ್ಮಾ ಎಂದಿದ್ದರು ಅಷ್ಟೆ. ಕುರ್ಚಿ ಅವಳದೇ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಅನುಮಾನ ಬಂದದ್ದು ಶ್ರುತಿಗೆ. ಒಂದು ಬೆಳಗ್ಗೆ ಫೋನು ಮಾಡಿ, ಊರಿಗೆ ಹೋಗ್ತಿದೀನಿ ಸಾರ್, ಅಕ್ಕನ ಫ್ಯಾಕ್ಟರಿಗೆ ಸೇರ್ಕೋತೀನಿ, ನಿಮಗೊಂದು ಮಾತು ಹೇಳದೆ ಹೋಗೋಕೆ ಮನಸ್ಸಾಗ್ಲಿಲ್ಲ ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಕಲ್ಲುಬೆಂಚಿನ ಮೇಲೆ ಬ್ಯಾಗು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತೆ. ಕದ್ದರೆ ಗೌರವ ಎಂಬ ನನ್ನ ತತ್ವವನ್ನೆಲ್ಲ ಹೇಳಿದೆ. ಅವಳು ಸಮಾಧಾನವಾಗಿಯೇ ಕೇಳಿಸಿಕೊಂಡಳು.

"ಒಂದು ಬೇಸಿಗೆ ಪೂರ್ತಿ ನೋಡಿದ್ದು ಸಾರ್ ನಾನು. ಒಂದು ವಾರದಲ್ಲಿ ತಗೊಂಡ್ಬಿಟ್ರು. ಇನ್ನೊಂದು ನೋಡಿದ್ರೂ ಅಷ್ಟೇ ಅಲ್ವಾ? ಅದರ ಬದಲು ಡಬ್ಬಕ್ಕೆ ಸ್ಟಿಕ್ಕರ್ ಅಂಟಿಸೋದೇ ವಾಸಿ. ಅದನ್ನ ಯಾರೂ ಕದಿಯಲ್ಲ."

ಬಹಳ ಬೇಸರವಾಯಿತು ನನಗೆ. ಇಷ್ಟು ವರ್ಷದಲ್ಲಿ ನನ್ನ ಹಿಂದೆ ಒಬ್ಬರಾದರೂ ಕಣ್ಣುಳ್ಳವರು ಬಂದರಲ್ಲ ಎಂದುಕೊಂಡಿದ್ದೆ.

ಆಗ ನಮ್ಮ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಸೊಪ್ಪಿನ ಚೀಲ, ಮೈಮೇಲೆ ಎಲೆಹಸಿರು ಸೀರೆ, ಅದರ ಅಂಚಿನಲ್ಲಿ ಗೊರವಂಕ. ನಮ್ಮ ಮಗ್ಗದ್ದಲ್ಲ, ಜರಿಯ ಹೊಳಪಿನಲ್ಲೇ ಗೊತ್ತಾಗುತ್ತಿತ್ತು. ಆಕೆ ಬಸ್ಸು ಬಂತಾ ಎಂದು ನೋಡಲು ಆ ಕಡೆ ತಿರುಗಿದರು. ಬೆನ್ನ ಮೇಲಿನ ಹಕ್ಕಿಗಳೆಲ್ಲ ತಲೆಕೆಳಗಾಗಿದ್ದವು. ಕದ್ದವನ ಫೋನಿನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ತಿರುಗಿರಬೇಕು, ಅವನು ಹಾಗೇ ಮಗ್ಗಕ್ಕೆ ಹಾಕಿದ್ದ. ನಾವು ಹತ್ತಿಸಿದ್ದ ಹಕ್ಕಿಗಳು ಹೆಗಲಿನಿಂದ ಕೆಳಕ್ಕೆ ಸಾಲಾಗಿ ಇಳಿಯುತ್ತಿದ್ದವು. ನೋಡು, ಕದಿಯೋಕೂ ಬರಲ್ಲ ಇವರಿಗೆ ಎಂದು ನಾನು ಶ್ರುತಿಯ ಕಿವಿಯಲ್ಲಿ ಹೇಳಿದೆ. ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಶ್ರುತಿ ಎದ್ದು ಆಕೆಯ ಹತ್ತಿರ ಹೋದಳು. ಜಗಳಕ್ಕೆ ಹೋದಳೇನೋ ಎಂದು ನಾನೂ ಹಿಂದೆಯೇ ಎದ್ದೆ.

"ಅಕ್ಕಾ, ಸೀರೆ ಚೆನ್ನಾಗಿದೆ. ಆದ್ರೆ ಹಿಂದೆ ಹಕ್ಕಿ ತಲೆಕೆಳಗಾಗಿದೆಯಲ್ಲ, ನೋಡಿದ್ರಾ?"

ಆಕೆ ಸೆರಗನ್ನು ಮುಂದಕ್ಕೆ ತಂದು ಅಂಗೈಯಲ್ಲಿ ಸವರಿದರು.

"ತಲೆಕೆಳಗೆಲ್ಲಮ್ಮಾ? ಇಳೀತಾ ಇದಾವೆ. ನಮ್ಮ ಅಂಗಳದಲ್ಲಿ ರಾಗಿ ಹರವಿದ್ರೆ ಹಿಂಗೇ, ಒಂದರ ಹಿಂದೆ ಒಂದು ಇಳ್ಕೊಂಡು ಬರ್ತಾವೆ. ಅದಕ್ಕೇ ಅಲ್ವಾ ನಾನು ತಗೊಂಡಿದ್ದು. ಅಂಗಡೀಲಿ ಇನ್ನೊಂದಿತ್ತು, ಹತ್ತಿ ಹೋಗೋ ಥರದ್ದು. ಬೇಡಾಂದೆ. ಹಕ್ಕಿ ಮನೆಗೆ ಬರ್ಬೇಕು, ಹೋಗ್ಬಾರ್ದು."

ಆಕೆಯ ಬಸ್ಸು ಬಂತು. ಸೊಪ್ಪಿನ ಚೀಲ ಎತ್ತಿಕೊಂಡು ಹತ್ತಿ ಹೋದರು. ಶ್ರುತಿ ನಿಂತಲ್ಲೇ ನಿಂತಿದ್ದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅವಳು ಕೈಸನ್ನೆ ಮಾಡಿ ಸುಮ್ಮನಿರಿಸಿದಳು. ತನ್ನಷ್ಟಕ್ಕೇ ಮಾತಾಡಿಕೊಂಡಂತೆ ಹೇಳಿದಳು.

"ನನ್ನ ಕೈಯಲ್ಲಿ ಕೋಲಿತ್ತಲ್ಲ ಸಾರ್. ಅತ್ತೆ ಕೂಗಿದಾಗ ಕೊನೆಗೆ ಓಡಿಸ್ಲೇಬೇಕಿತ್ತು. ಅದಕ್ಕೇ ನಂಗೆ ಅವು ಹೋಗೋದೇ ಕಂಡಿದ್ದು. ಬರೋದನ್ನ ನಾನು ನೋಡೇ ಇಲ್ಲ."

ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ನಾನೂ ಹತ್ತಲಿ ಅಂದವನೇ. ನಡುಮನೆಯಲ್ಲಿ ಎರಡು ಥರವೂ ನೋಡಿ, ತಲೆ ಮೇಲೆ ಕಾಲು ಕೆಳಗೆ ಎಂದಷ್ಟೇ ಯೋಚಿಸಿ ತೀರ್ಮಾನ ಮಾಡಿದವನು.

ಹೊಸಕೋಟೆ ಬಸ್ಸು ಬಂದು ನಿಂತಿತು. ಕಂಡಕ್ಟರು ದೇವನಹಳ್ಳಿ, ಹೊಸಕೋಟೆ ಎಂದು ಕೂಗಿದ. ಶ್ರುತಿ ಬೆಂಚಿಗೆ ಹೋಗಿ ಬ್ಯಾಗು ತೆಗೆದಳು. ಅವಳು ಬ್ಯಾಗಿನ ಜಿಪ್ಪು ಎಳೆದು ಒಂದು ಪೆನ್ನು, ತಿಂಡಿ ಕಟ್ಟಿದ್ದ ಪೇಪರು ಹೊರತೆಗೆದು, ಪೇಪರನ್ನು ಬ್ಯಾಗಿನ ಮೇಲೆ ಹರಡಿಕೊಂಡು ಕೂತಳು. ಚಿತ್ರಾನ್ನದ ಎಣ್ಣೆ ಹತ್ತಿದ್ದ ಆ ಪೇಪರಿನ ಮೇಲೆ ರೆಕ್ಕೆ ಅರ್ಧ ತೆರೆದು, ಕಾಲು ಮುಂದೆ ಚಾಚಿದ ಒಂದು ಗೊರವಂಕ ಬಂತು. ಅದರ ಮೇಲೆ ಇನ್ನೊಂದು. ಕೆಳಗಡೆ ಸೆರಗಿನ ತುದಿಯ ಜಾಗದಲ್ಲಿ ಹರವಿದ ಕಾಳಿನಂತೆ ಚುಕ್ಕಿ ಇಡುತ್ತಾ ಹೋದಳು. ಹಾರುವ ಹಕ್ಕಿಯೂ ಅಲ್ಲ, ನಡೆಯುವ ಹಕ್ಕಿಯೂ ಅಲ್ಲ, ನೆಲ ಮುಟ್ಟುವುದಕ್ಕೆ ಒಂದು ಗಳಿಗೆ ಮುಂಚಿನ ಹಕ್ಕಿ. ಅಂಥದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ.

ಬಸ್ಸು ಹೊರಟುಹೋಯಿತು. ಅಕ್ಕ ದಾರಿ ಕಾಯ್ತಿರ್ತಾಳೆ, ಬರಲ್ಲ ಅಂತ ಒಂದು ಫೋನಾದ್ರೂ ಮಾಡಮ್ಮಾ ಎಂದೆ.

"ನೀವೇ ಮಾಡಿ ಸಾರ್" ಅಂದಳು ತಲೆ ಎತ್ತದೆ. "ನನ್ನ ಕೈ ಬಿಡುವಿಲ್ಲ."